‘ಅಜೈಲ್’ ಬಂದರೆ ಟೀಚರ್ ಪಾಠ ಮಾಡಬೇಕಿಲ್ಲವೇ? ಗೋಡೆಯ ಚೀಟಿಗಳ ಹಿಂದಿನ ಅಸಲಿ ಕೆಲಸ

ಗೋಡೆಯ ತುಂಬ ಬಣ್ಣಬಣ್ಣದ ಚೀಟಿ, ಅದರ ಮುಂದೆ ನಿಂತು ಚರ್ಚಿಸುವ ಮಕ್ಕಳು, ಕೆಳಗೊಂದು ಸಾಲು: ‘ಐಟಿ ಕಂಪನಿಗಳ ಅಜೈಲ್ ಈಗ ಶಾಲೆಗೆ, ಇನ್ನು ಟೀಚರ್ ಪಾಠ ಮಾಡಬೇಕಿಲ್ಲ!’ ಇಂಥದ್ದು ನಿಮ್ಮ ಗ್ರೂಪಿಗೆ ಬಂದರೆ ಫಾರ್ವರ್ಡ್ ಒತ್ತುವ ಮುನ್ನ ಸ್ವಲ್ಪ ತಡೆಯಿರಿ. ಮೊದಲರ್ಧ ನಿಜ, ಎರಡನೆಯದು ಅಲ್ಲ.

ಅಜೈಲ್ ಎಂದರೆ ಆ್ಯಪ್ ಅಲ್ಲ, ಕೆಲಸ ಮಾಡುವ ಒಂದು ರೀತಿ. 2001ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾ ರಾಜ್ಯದ ಸ್ನೋಬರ್ಡ್‌ನಲ್ಲಿ 17 ಮಂದಿ ಸಾಫ್ಟ್‌ವೇರ್ ಪರಿಣತರು ಸೇರಿ ಇದರ ಪ್ರಣಾಳಿಕೆ ಬರೆದರು. ವರ್ಷಕ್ಕೊಂದು ದೊಡ್ಡ ಯೋಜನೆ ಹಾಕಿ ಕೊನೆಗೆ ತಲೆ ಚಚ್ಚಿಕೊಳ್ಳುವ ಬದಲು, ಕೆಲಸವನ್ನು ಚಿಕ್ಕ ಚಿಕ್ಕದಾಗಿ ಒಡೆದು, ಮುಗಿಸಿ ತೋರಿಸಿ, ತಪ್ಪಿದ್ದರೆ ಆಗಲೇ ತಿದ್ದಿಕೊಳ್ಳುವುದು ಇದರ ತಿರುಳು. ಇದರಲ್ಲಿ ಹೆಚ್ಚು ಬಳಕೆಯಲ್ಲಿರುವ ವಿಧಾನ ಸ್ಕ್ರಮ್. ಹೆಸರು ರಗ್ಬಿ ಆಟದಿಂದ ಬಂದದ್ದು.

ಇದನ್ನು ತರಗತಿಗೆ ಒಗ್ಗಿಸಿದವರಲ್ಲಿ ಹೆಸರಾದವರು ನೆದರ್‌ಲ್ಯಾಂಡ್ಸ್‌ನ ರಸಾಯನಶಾಸ್ತ್ರ ಶಿಕ್ಷಕ ವಿಲ್ಲಿ ವೈನಾಂಡ್ಸ್. ಆಲ್ಫೆನ್ ಆನ್ ಡೆನ್ ರೈನ್ ಪಟ್ಟಣದ ಆಶ್ರಮ್ ಕಾಲೇಜ್ ಅವರ ಶಾಲೆ (ಹೆಸರು ನಮ್ಮದರಂತಿದ್ದರೂ ಅದು ಡಚ್ ಪ್ರೌಢಶಾಲೆ). 2011ರ ಹೊತ್ತಿಗೆ ಶುರುವಾದ ಅವರ ಪದ್ಧತಿಯ ಹೆಸರು ಎಜುಸ್ಕ್ರಮ್. ನಾಲ್ಕೈದು ಮಕ್ಕಳ ತಂಡ. ಒಂದು ದೊಡ್ಡ ಹಾಳೆಯಲ್ಲಿ ‘ಮಾಡಬೇಕಾದ್ದು’, ‘ಮಾಡುತ್ತಿರುವುದು’, ‘ಮುಗಿದದ್ದು’ ಎಂಬ ಸಾಲುಗಳು. ತರಗತಿಯ ಶುರುವಿನಲ್ಲಿ ಐದು ನಿಮಿಷ ನಿಂತುಕೊಂಡೇ ಮಾತು: ಏನಾಯಿತು, ಮುಂದೇನು, ಎಲ್ಲಿ ಸಿಕ್ಕಿಕೊಂಡಿದ್ದೇವೆ? ಹೇಗೆ ಕಲಿಯಬೇಕು ಎಂಬುದು ಮಕ್ಕಳ ಪಾಲು. ಏನು ಕಲಿಯಬೇಕು, ಎಷ್ಟು ಬಂದರೆ ಸಾಕು ಎಂಬುದು ಟೀಚರದ್ದೇ.

ತರಬೇತಿಯಲ್ಲಿ ಕಷ್ಟದ ಭಾಗವೂ ಇದೇ. ಚೀಟಿ ಅಂಟಿಸುವುದನ್ನು ಅರ್ಧ ಗಂಟೆಯಲ್ಲಿ ಕಲಿಸಬಹುದು. ‘ಮುಗಿಯಿತು’ ಎಂದರೇನು ಎಂದು ಮೊದಲೇ ಬರೆಯುವುದನ್ನು ಕಲಿಸಲು ದಿನಗಳು ಬೇಕು. ‘ಆಮ್ಲ-ಪ್ರತ್ಯಾಮ್ಲದ ಪಾಠ ಓದಿದ್ದಾಯ್ತು’ ಎಂದರೆ ಮುಗಿದಂತಲ್ಲ. ‘ನಿಂಬೆರಸ, ಸೋಪಿನ ನೀರು, ಮಜ್ಜಿಗೆಯನ್ನು ಲಿಟ್ಮಸ್‌ನಿಂದ ಪರೀಕ್ಷಿಸಿದ್ದೇವೆ, ಬಣ್ಣ ಯಾಕೆ ಬದಲಾಯಿತು ಎಂದು ತಂಡದ ಯಾರನ್ನು ಕೇಳಿದರೂ ಹೇಳುತ್ತಾರೆ’ ಎಂದರೆ ಮುಗಿದಂತೆ. ಆ ‘ಯಾರನ್ನು ಕೇಳಿದರೂ’ ಬಿಟ್ಟುಹೋದರೆ ಏನಾಗುತ್ತದೆಂದು ಗುಂಪು ಪ್ರಾಜೆಕ್ಟ್ ಮಾಡಿದ ಎಲ್ಲರಿಗೂ ಗೊತ್ತು: ಒಬ್ಬಳು ದುಡಿಯುತ್ತಾಳೆ, ನಾಲ್ವರು ಹೆಸರು ಬರೆಸುತ್ತಾರೆ.

ಹಾಗಾಗಿ ಶಿಕ್ಷಕರಿಗೆ ಸ್ಲೈಡ್ ತೋರಿಸಿ ಕಳಿಸುವ ತರಬೇತಿಯಿಂದ ಹೆಚ್ಚೇನೂ ಆಗದು ಎಂಬುದು ನಮ್ಮ ಅಭಿಪ್ರಾಯ. ಶಿಕ್ಷಕರೇ ತಂಡವಾಗಿ, ತಮ್ಮದೇ ಒಂದು ಪಾಠವನ್ನು ಒಡೆದು, ಮಾಡಿ, ಎಡವಿ ನೋಡಬೇಕು. ಅದಕ್ಕೆ ಸಮಯ ಬೇಕು. ಬಿಸಿಯೂಟದ ಲೆಕ್ಕ, ಸಮೀಕ್ಷೆ, ಆನ್‌ಲೈನ್ ದಾಖಲೆಗಳ ಮೇಲೆ ಇದನ್ನೂ ಹೇರಿದರೆ ಗೋಡೆಯ ಹಾಳೆ ಬರೀ ಫೋಟೋಗೆ ಉಳಿಯುತ್ತದೆ.

ನಮಗೆ ಇದು ತೀರಾ ಹೊಸದೂ ಅಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ನಲಿ-ಕಲಿಯಲ್ಲೂ ಪಾಠವನ್ನು ಕಾರ್ಡುಗಳಾಗಿ ಒಡೆದು, ಕಲಿಕಾ ಏಣಿಯಲ್ಲಿ ಮಗು ಎಲ್ಲಿದೆ ಎಂದು ಎಲ್ಲರಿಗೂ ಕಾಣುವಂತೆ ಮಾಡಲಾಗಿತ್ತು. ಅಜೈಲ್ ಪ್ರಣಾಳಿಕೆ ಆಗಿನ್ನೂ ಹುಟ್ಟಿರಲಿಲ್ಲ. ಋಷಿ ಕಣಿವೆಯ ಶಾಲೆಗಳನ್ನು ಕಣ್ಣಾರೆ ನೋಡಿಬಂದ ಶಿಕ್ಷಕರೇ ಅದನ್ನು ರೂಪಿಸಿದ್ದರು.

ನಿಮ್ಮ ಮಗುವಿನ ಶಾಲೆ ‘ನಮ್ಮಲ್ಲಿ ಅಜೈಲ್ ಇದೆ’ ಎಂದರೆ ‘ಮುಗಿದದ್ದು’ ಸಾಲಿನ ಯಾವುದಾದರೂ ಒಂದು ಚೀಟಿ ತೋರಿಸಿ ಕೇಳಿ: ಇದು ಮುಗಿಯಿತೆಂದು ಯಾರು, ಏನು ನೋಡಿ ಹೇಳಿದರು?