ಹಳೆಯ ಹೆರಾಲ್ಡನ್ನು ರೇಸಿಗೆ ಬದಲಾಯಿಸಬಹುದೇ?

ಮದ್ರಾಸಿನಲ್ಲಿ 1961ರಿಂದ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್ ಇಂಗ್ಲೆಂಡಿನ ಟ್ರಯಂಫ್ ಹೆರಾಲ್ಡೇ. ಅದರ ಚಾಸಿಯನ್ನು ಗಿಡ್ಡ ಮಾಡಿ ಟ್ರಯಂಫ್ ಕಂಪನಿ 1962ರಲ್ಲಿ ಸ್ಪಿಟ್‌ಫೈರ್ ಎಂಬ ಎರಡು ಸೀಟಿನ ಸ್ಪೋರ್ಟ್ಸ್ ಕಾರನ್ನು ತಂದಿತು. ಈ ಸಂಬಂಧದಿಂದಾಗಿಯೇ, ನಮ್ಮಲ್ಲಿ ಉಳಿದ ಹೆರಾಲ್ಡ್‌ಗಳಿಗೆ ಸ್ಪಿಟ್‌ಫೈರ್ ಸಾಮಾನು ಹಾಕಿ ರೇಸಿಗೆ ಇಳಿಸುವ ಆಸೆ ಹಲವರಿಗೆ. ಗಜೇಂದ್ರಗಡದಲ್ಲಿ ಗ್ಯಾರೇಜ್ ಇಟ್ಟ ಅಳಿಯನಿಗೂ ಪುರ್ತಗೇರಿಯ ಅವನ ಸೋದರಮಾವನಿಗೂ ಈ ವಿಷಯದಲ್ಲಿ ಒಮ್ಮತವಿಲ್ಲ. ನನ್ನ ಒಲವು ಮಾವನ ಕಡೆಗೆ. ಆದರೆ ಅಳಿಯನ ಮಾತಿನಲ್ಲೂ ಹುರುಳಿದೆ.

ಪರ

ಮಾವಾ, ನಿಂತ ಕಾರು ನಿಂತಲ್ಲೇ ಹಾಳಾಗುತ್ತದೆ. ಬ್ರೇಕಿನ ರಬ್ಬರ್ ಗಟ್ಟಿಯಾಗುತ್ತದೆ, ಟ್ಯಾಂಕಿನೊಳಗೆ ತುಕ್ಕು ಏಳುತ್ತದೆ, ಪಿಸ್ಟನ್ ರಿಂಗ್ ಬೋರಿಗೆ ಕಚ್ಚಿಕೊಳ್ಳುತ್ತದೆ. ಹೆರಾಲ್ಡ್ ಕೆಲಸ ಮಾಡಿಸಿಕೊಳ್ಳಲೆಂದೇ ಹುಟ್ಟಿದ ಕಾರು. ಬಾನೆಟ್ ಎತ್ತಿದರೆ ಮಡ್‌ಗಾರ್ಡ್ ಸಮೇತ ಮುಂಭಾಗವೆಲ್ಲ ಮುಂದಕ್ಕೆ ಬಾಗುತ್ತದೆ. ಮುಂದಿನ ಚಕ್ರದ ಮೇಲೆ ಕೂತು ಕಾರ್ಬುರೇಟರ್ ಬಿಚ್ಚಬಹುದು. ಟ್ರ್ಯಾಕ್ಟರ್ ಇಂಜಿನ್ ಇಳಿಸುವ ನಮ್ಮ ಹುಡುಗರಿಗೆ ಇದರ 948 ಸಿಸಿ ಇಂಜಿನ್ ಕಬ್ಬಿಣದ ಕಡಲೆಯೇನಲ್ಲ.

ಮೂಲದಲ್ಲಿದ್ದದ್ದೆಲ್ಲ ಒಳ್ಳೆಯದು ಎಂದೂ ಅಲ್ಲ. ಹಿಂದಿನ ಎರಡೂ ಚಕ್ರಕ್ಕೆ ಡಿಫರೆನ್ಷಿಯಲ್ ನೆತ್ತಿಯ ಮೇಲೆ ಅಡ್ಡಲಾಗಿ ಒಂದೇ ಪಾಟಾ (ಲೀಫ್ ಸ್ಪ್ರಿಂಗ್). ವೇಗದ ತಿರುವಿನ ನಡುವೆ ಆಕ್ಸಿಲರೇಟರ್ ಬಿಟ್ಟರೆ ಹಿಂಭಾಗ ಮೇಲೇಳುತ್ತದೆ, ಹೊರಗಿನ ಚಕ್ರ ಒಳಕ್ಕೆ ಮಡಚಿಕೊಳ್ಳುತ್ತದೆ, ಕಾರಿನ ಹಿಂಬದಿ ಬೀಸಿಹೋಗುತ್ತದೆ. ಟ್ರಯಂಫ್ ಕಂಪನಿಯೇ 1970ರ ಸ್ಪಿಟ್‌ಫೈರ್‌ನಲ್ಲಿ ಇದನ್ನು ತಿದ್ದಿತು. ಹೆರಾಲ್ಡ್‌ನ ನಂತರ ಬಂದ 1972ರ ಗೆಜೆಲ್‌ನಲ್ಲಿ ಮದ್ರಾಸಿನವರು ಆ ವ್ಯವಸ್ಥೆಯನ್ನೇ ಕೈಬಿಟ್ಟು ಇಡಿಯ ಆಕ್ಸಲ್ ಹಾಕಿದರು. ಮಾಡಿದವರೇ ತಿದ್ದಿದ್ದನ್ನು ನಾನು ತಿದ್ದಿದರೆ ತಪ್ಪೇನು? ಮದ್ರಾಸಿನ ಹತ್ತಿರದ ಶೋಲಾವರಂನ ಯುದ್ಧಕಾಲದ ವಿಮಾನ ಪಟ್ಟಿಯಲ್ಲಿ ಹೆರಾಲ್ಡ್‌ಗಳು ರೇಸ್ ಓಡಿಲ್ಲವೇ? 1965ರ ಲೆ ಮಾನ್ಸ್ ರೇಸಿನಲ್ಲಿ ಸ್ಪಿಟ್‌ಫೈರ್ ತನ್ನ ವರ್ಗವನ್ನೇ ಗೆದ್ದಿತು. ಆ ರಕ್ತ ಇದರಲ್ಲೂ ಇದೆ.

ವಿರೋಧ

ಅಳಿಯಾ, ಕಂಪನಿ ತಿದ್ದಿದ್ದು ಹೊಸ ಮಾದರಿಯನ್ನು. ನೀನು ಕೈಹಾಕುವುದು ಅಳಿದುಳಿದ ಕಾರಿಗೆ. ಹೆರಾಲ್ಡ್‌ನ ನಾಲ್ಕು ಬಾಗಿಲಿನ ಮಾದರಿ ನೆನಪಿಸಿಕೋ. ಅದು ಇಂಗ್ಲೆಂಡಿನಲ್ಲಿ ತಯಾರಾಗಲೇ ಇಲ್ಲ, ನಮ್ಮ ದೇಶದಲ್ಲಿ ಮಾತ್ರ ಆಯಿತು. ಸ್ಪಿಟ್‌ಫೈರ್‌ನ ಬ್ರೇಕನ್ನು ಇಂದೂ ಇಂಗ್ಲೆಂಡಿನಿಂದ ತರಿಸಬಹುದು. ಈ ನಾಲ್ಕು ಬಾಗಿಲಿನ ಹೆರಾಲ್ಡ್‌ನ ಹಿಂದಿನ ಬಾಗಿಲು ಒಮ್ಮೆ ಜಜ್ಜಿಹೋದರೆ ಯಾವ ದೇಶದಿಂದ ತರಿಸುತ್ತೀ? ರೇಸೆಂದರೆ ಎಂದೋ ಒಂದು ದಿನ ಗುದ್ದು ತಿನ್ನುವುದೇ.

ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕ್ ಹಾಕು, ನನ್ನ ತಕರಾರಿಲ್ಲ. ಬೋಲ್ಟ್ ಬಿಚ್ಚಿದರೆ ಹಳೆಯದು ಮತ್ತೆ ಕೂರುತ್ತದೆ. ಆದರೆ ರೇಸ್ ಅಲ್ಲಿಗೆ ನಿಲ್ಲುವುದಿಲ್ಲ. ಜೀವ ಉಳಿಯಬೇಕಾದರೆ ರೋಲ್ ಕೇಜ್ ಬೇಕು, ಅದರ ಪೈಪಿಗಾಗಿ ನೆಲದ ತಗಡು ಕೊರೆಯಬೇಕು, ಭಾರ ಇಳಿಸಲು ಹಿಂದಿನ ಸೀಟು, ಡ್ಯಾಶ್‌ಬೋರ್ಡಿನ ಕಟ್ಟಿಗೆ ಎಲ್ಲ ಕಿತ್ತು ಹಾಕಬೇಕು. ಹೀಗೆ ಕಿತ್ತದ್ದು ನಾಲ್ಕು ಮಳೆಗಾಲದಲ್ಲಿ ಗುಜರಿ ಪಾಲು.

ಕಾನೂನನ್ನೂ ನೋಡು. ಕಂಪನಿ ಕೊಟ್ಟ ಮೂಲ ವಿವರಕ್ಕೆ ವ್ಯತಿರಿಕ್ತವಾಗಿ ವಾಹನ ಮಾರ್ಪಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಜನವರಿ 2019ರಲ್ಲಿ ಹೇಳಿದೆ. 2021ರ ನಿಯಮದಲ್ಲಿ 50 ವರ್ಷ ದಾಟಿದ ವಾಹನಕ್ಕೆ ವಿಂಟೇಜ್ ನೋಂದಣಿ ಉಂಟು, ಹೊಸದಾಗಿ ಮಾಡಿಸಲು ಶುಲ್ಕ 20,000 ರೂಪಾಯಿ. ಮುಖ್ಯ ಷರತ್ತು: ಮೂಲ ರೂಪದಲ್ಲಿರಬೇಕು, ದೊಡ್ಡ ಮಾರ್ಪಾಡು ಆಗಿರಬಾರದು. ಹೆರಾಲ್ಡ್‌ಗಳೆಲ್ಲ ಈಗ ಐವತ್ತು ದಾಟಿವೆ. ಕೊರೆದ ಕಾರಿಗೆ ಆ ನಂಬರ್ ಪ್ಲೇಟ್ ಹೇಗೆ ಕೇಳುತ್ತೀ?

ನಿಂತರೆ ಹಾಳಾಗುತ್ತದೆ ಅನ್ನುವುದು ನಿಜ. ಅದಕ್ಕೆ ಔಷಧಿ ರೇಸಲ್ಲ, ಓಡಾಟ. ವಾರಕ್ಕೊಮ್ಮೆ ಆಯಿಲ್ ಚೆನ್ನಾಗಿ ಬಿಸಿಯಾಗುವವರೆಗೆ ಓಡಿಸು, ವರ್ಷಕ್ಕೊಮ್ಮೆ ಬ್ರೇಕ್ ಆಯಿಲ್ ಬದಲಿಸು, ಟ್ಯಾಂಕ್ ತುಂಬಿಸಿಡು. ನಿನ್ನ ಹುಡುಗರಿಗೆ ಟ್ಯಾಪೆಟ್ ಹೊಂದಿಸುವುದನ್ನು ಅದರ ಮೇಲೇ ಕಲಿಸು. ರೇಸೇ ಬೇಕೆಂದರೆ ಗುಜರಿಯಲ್ಲಿ ಬಾಡಿ ಕೊಳೆತು ಚಾಸಿ ಮಾತ್ರ ಉಳಿದದ್ದೊಂದನ್ನು ಹುಡುಕು. ಅದರ ಮೇಲೆ ನಿನಗೆ ಬೇಕಾದ್ದು ಕಟ್ಟು, ಟ್ರಕ್ಕಿಗೆ ಏರಿಸಿ ಟ್ರ್ಯಾಕಿಗೆ ಒಯ್ಯಿ, ಖರ್ಚಿಗೆ ನಾನೂ ಕೈಜೋಡಿಸುತ್ತೇನೆ. ಪೂರ್ತಿ ಇರುವ ಕಾರಿಗೆ ಮಾತ್ರ ಗ್ಯಾಸ್ ಕಟರ್ ಹಿಡಿಯಬೇಡ.