ವೀಸಾ ಕೊಳ್ಳಬಹುದು, ಕಸುಬನ್ನಲ್ಲ

2001ರ ಫೆಬ್ರವರಿ 28ರಂದು ಕೋಲಾರದ ಚಿನ್ನದ ಗಣಿಗಳು ಮುಚ್ಚಿದವು. ಇಂದು ನಮ್ಮ ಕೆಜಿಎಫ್, ಬಂಗಾರಪೇಟೆಯ ಯುವಕರು ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ಹೋಗುತ್ತಾರೆ. ಕೆಲವರು ಕೊಲ್ಲಿಯ ಹಡಗು ನಿರ್ಮಾಣ ಕೇಂದ್ರಗಳ ಕನಸು ಕಾಣುತ್ತಾರೆ. ವಲಸೆಯನ್ನು ನಾವು ವಿರೋಧಿಸುವುದಿಲ್ಲ. ಅಲ್ಲಾಹನ ಅನುಗ್ರಹವನ್ನು ಅರಸಿ ಭೂಮಿಯಲ್ಲಿ ಸಂಚರಿಸಲು ಪವಿತ್ರ ಕುರ್‌ಆನ್ ಅನುಮತಿಸಿದೆ. ನಮ್ಮ ವಿರೋಧವಿರುವುದು "ಮೊದಲು ವೀಸಾ, ಕೆಲಸವನ್ನು ಅಲ್ಲಿ ಕಲಿಯಲಿ" ಎಂಬ ವಾದಕ್ಕೆ.

ಮನೆಯ ಒಡವೆ ಅಡವಿಟ್ಟು ಪರವಾನಗಿಯಿಲ್ಲದ ದಲ್ಲಾಳಿಗೆ ಲಕ್ಷಗಟ್ಟಲೆ ಸುರಿಯುವವರೇ ಐಟಿಐ ಶುಲ್ಕವೆಂದರೆ ಕೈ ಬಿಗಿಹಿಡಿಯುತ್ತಾರೆ. ಆದರೆ 45 ಡಿಗ್ರಿ ವಾಲಿಸಿ ಬಿಗಿದ ಕೊಳವೆಗೆ ವೆಲ್ಡಿಂಗ್ ಮಾಡಬೇಕಾದ 6ಜಿ ಪರೀಕ್ಷೆಯಲ್ಲಿ ಯಾವ ದಲ್ಲಾಳಿಯ ಶಿಫಾರಸೂ ನಡೆಯದು. ಬೆಸುಗೆಯೊಳಗೆ ಅಡಗಿದ ದೋಷವನ್ನು ಎಕ್ಸ್‌ರೇ ತೋರಿಸಿಬಿಡುತ್ತದೆ. ಕಸುಬಿಲ್ಲದೆ ಹೋದವನು ಹೆಲ್ಪರ್ ಆಗಿಯೇ ಉಳಿದು, ಸಾಲ ತೀರಿಸುವುದರಲ್ಲೇ ವರ್ಷಗಳನ್ನು ಕಳೆಯುತ್ತಾನೆ.

1983ರ ವಲಸೆ ಕಾಯ್ದೆಯ ಪ್ರಕಾರ ನೋಂದಣಿಯಿಲ್ಲದ ಏಜೆಂಟರು ನೇಮಕಾತಿ ನಡೆಸುವಂತಿಲ್ಲ. ಅದನ್ನು ವಿಚಾರಿಸದೆ ವಂಚಕನ ಬಾಗಿಲು ತಟ್ಟುವುದು ತವಕ್ಕುಲ್ ಅಲ್ಲ. ಮೊದಲು ಒಂಟೆಯನ್ನು ಕಟ್ಟಿ, ಬಳಿಕ ಅಲ್ಲಾಹನ ಮೇಲೆ ಭರವಸೆಯಿಡಲು ಪ್ರವಾದಿ(ಸ) ಕಲಿಸಿದ್ದಾರೆ.

ಕಬ್ಬಿಣವನ್ನು ಪಳಗಿಸಿದ ದಾವೂದ್(ಅ) ಪ್ರವಾದಿಯಾಗಿದ್ದೂ ಸ್ವಂತ ಕೈದುಡಿಮೆಯಿಂದ ಉಂಡರು. ಹೆತ್ತವರೇ, ಮಗನಿಗೆ ಮೊದಲು ಕಸುಬು ಕಲಿಸಿರಿ, ಅನಂತರ ಕಳುಹಿಸಿರಿ. ಅಲ್ಲಾಹನು ನಮ್ಮ ಮಕ್ಕಳ ದುಡಿಮೆಯಲ್ಲಿ ಬರಕತ್ ನೀಡಲಿ, ಆಮೀನ್.