ನಂಗೊತ್ತೈತೆ, ಮಕ್ಳಿಗೆ ಹೇಳ್ಬ್ಯಾಡ

ನಾಲ್ಕು ವರ್ಷಗಳಿಂದ ಗುರುವಾರ ಮಧ್ಯಾಹ್ನ ನಾನೊಂದು ಹಾಸ್ಪೈಸ್‌ಗೆ ಹೋಗುತ್ತಿದ್ದೇನೆ. ಕಾಯಿಲೆ ವಾಸಿಯಾಗುವ ಹಂತ ದಾಟಿದವರು, ಹೆಚ್ಚಿನವರು ಕ್ಯಾನ್ಸರ್ ಇರುವವರು, ಕೊನೆಯ ದಿನಗಳನ್ನು ಆದಷ್ಟು ನೋವಿಲ್ಲದೆ ಕಳೆಯಲಿ ಎಂದು ಇರುವ ಜಾಗ ಅದು. ಮಾರ್ಫಿನ್ ಕೊಡುವುದು, ಹುಣ್ಣು ತೊಳೆದು ಕಟ್ಟುವುದು ನರ್ಸುಗಳ ಕೆಲಸ. ನನ್ನಂಥ ಸ್ವಯಂಸೇವಕರ ಪಾಲಿಗೆ ಬರುವುದು ಉಗುರು ಕತ್ತರಿಸುವುದು, ತಲೆ ಬಾಚುವುದು, ಒಣಗಿದ ತುಟಿಗೆ ಒದ್ದೆ ಹತ್ತಿ ಒತ್ತುವುದು, ಪೇಪರ್ ಓದಿ ಹೇಳುವುದು. ಉಳಿದ ಹೊತ್ತೆಲ್ಲ ಪಕ್ಕದಲ್ಲಿ ಸುಮ್ಮನೆ ಕೂತಿರುವುದು.

‘ಅಲ್ಲಿಗೆ ಹೋಗಿಬಂದರೆ ಮನಸ್ಸು ಕೆಡುವುದಿಲ್ಲವಾ?’ ಎಂದು ಕೇಳದವರಿಲ್ಲ. ಕೆಲವು ಗುರುವಾರ ಕೆಡುತ್ತದೆ. ರಾತ್ರಿ ಊಟ ಸೇರುವುದಿಲ್ಲ. ಆದರೂ ಅಲ್ಲಿ ನನಗೆ ಸಿಕ್ಕಿದ್ದು ಬೇರೆಲ್ಲೂ ಸಿಗುತ್ತಿರಲಿಲ್ಲ.

ತುಮಕೂರು ಕಡೆಯ ಒಬ್ಬ ಅಜ್ಜಿ ಇದ್ದರು. ಗಂಡುಮಕ್ಕಳಿಬ್ಬರೂ ಬಾಗಿಲಲ್ಲೇ ನನ್ನನ್ನು ನಿಲ್ಲಿಸಿ, ‘ಅಮ್ಮನಿಗೆ ಹೊಟ್ಟೆಹುಣ್ಣು ಅಂತ ಹೇಳಿದ್ದೀವಿ, ಬಾಯಿ ಬಿಡಬೇಡಿ’ ಎಂದು ಕೈ ಮುಗಿದಿದ್ದರು. ಮೂರನೇ ವಾರ ಕಾಲುಗುರು ಕತ್ತರಿಸುತ್ತಿದ್ದಾಗ ಅಜ್ಜಿಯೇ ಅಂದರು: ‘ನಂಗೊತ್ತೈತೆ ಮಗ. ಮಕ್ಳಿಗೆ ಹೇಳ್ಬ್ಯಾಡ, ಎದೆ ಒಡ್ಕೊಂಡಾರು.’ ಆಮೇಲೆ ಇನ್ನೊಂದು ಮಾತು ಬಂತು. ಪಕ್ಕದ ಮನೆಯವಳ ಹತ್ತಿರ ನಾಲ್ಕು ಸಾವಿರ ಕೈಸಾಲ ಮಾಡಿದ್ದರಂತೆ, ಯಾರಿಗೂ ಹೇಳಿರಲಿಲ್ಲ. ‘ಋಣ ಹೊತ್ಕಂಡು ಹೆಂಗೋಗ್ಲಿ?’

ಲಂಡನ್ನಿನಲ್ಲಿ 1967ರಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್ ತೆರೆದ ಸಿಸಿಲಿ ಸಾಂಡರ್ಸ್ ಮೊದಲು ನರ್ಸ್ ಆಗಿದ್ದವರು, ವೈದ್ಯರಾದದ್ದು ಆಮೇಲೆ. ಸಾಯುವವರ ನೋವು ಬರೀ ಮೈಯದ್ದಲ್ಲ, ಮನೆಯ ಚಿಂತೆ, ದುಡ್ಡಿನ ಚಿಂತೆ, ಭಯ ಎಲ್ಲ ಸೇರಿದ ಒಂದೇ ನೋವು ಎಂದು ಅವರು ವೈದ್ಯಲೋಕಕ್ಕೆ ತಿಳಿಹೇಳಿದರು. ಅಜ್ಜಿಯ ನಾಲ್ಕು ಸಾವಿರ ಅಂಥ ನೋವು. ಅವರ ಒಪ್ಪಿಗೆ ಕೇಳಿ ಹಿರಿಮಗನನ್ನು ಒಳಗೆ ಕಳಿಸಿ ನಾನು ಹೊರಗೆ ನಿಂತೆ. ಇಬ್ಬರೂ ಅತ್ತದ್ದು ಕೇಳಿಸಿತು. ಮರುದಿನ ಅವನು ಊರಿಗೆ ಹೋಗಿ ದುಡ್ಡು ಕೊಟ್ಟುಬಂದ. ಆಮೇಲೆ ಅಜ್ಜಿ ಇದ್ದದ್ದು ಒಂಬತ್ತು ದಿನ. ಆ ಒಂಬತ್ತು ದಿನವೂ ತಾಯಿಮಕ್ಕಳು ಮುಚ್ಚುಮರೆ ಇಲ್ಲದೆ ಮಾತಾಡಿದರು.

ಮಗನಿಗೆ ಹೇಳಲಾಗದ್ದನ್ನು ಅಜ್ಜಿ ನನಗೆ ಹೇಳಿದರು. ನಾನು ಅವರಿಗೆ ಏನೂ ಆಗಬೇಕಾದವನಲ್ಲ, ಅದಕ್ಕೇ ಹೇಳಿದರು. ಅಂಥ ನಂಬಿಕೆಗೆ ಪಾತ್ರನಾಗುವುದಕ್ಕಿಂತ ದೊಡ್ಡ ಸಂಬಳ ನನಗೆ ತಿಳಿದಿಲ್ಲ.

ಎರಡು ವರ್ಷದ ಹಿಂದೆ ಅಪ್ಪನ ಸರದಿ ಬಂತು. ‘ಏನೂ ಆಗಿಲ್ಲ ಅಂತಲೇ ಹೇಳೋಣ’ ಎಂದ ಅಣ್ಣ. ಮೊದಲಾಗಿದ್ದರೆ ನಾನೂ ಹೂಂಗುಟ್ಟುತ್ತಿದ್ದೆ. ಅವತ್ತು ಕುರ್ಚಿ ಎಳೆದುಕೊಂಡು ಕೂತು, ‘ಅಪ್ಪಾ, ಮನಸ್ಸಲ್ಲಿ ಏನಾದರೂ ಇದೆಯಾ?’ ಎಂದು ಕೇಳಿದೆ. ತುಂಬಾ ಹೊತ್ತು ಸೂರು ನೋಡುತ್ತಿದ್ದವರು, ‘ನಿಮ್ಮತ್ತೇನ ಕರೆಸು’ ಎಂದರು. ಜಮೀನಿನ ವಿಷಯಕ್ಕೆ ಅಣ್ಣತಂಗಿ ಮಾತು ಬಿಟ್ಟು ಹನ್ನೊಂದು ವರ್ಷವಾಗಿತ್ತು. ಅತ್ತೆ ಮರುದಿನ ಮೊದಲ ಬಸ್ಸಿಗೇ ಬಂದರು. ಕೇಳುವ ಧೈರ್ಯ ನನಗೆ ಬಂದದ್ದು ಗುರುವಾರಗಳಿಂದ.

ಕೇರಳದಲ್ಲಿ ಇಂಥ ರೋಗಿಗಳ ಜೊತೆಗಿರುವುದು ಊರಿನ ಕೆಲಸವೇ ಆಗಿದೆ. 1993ರಲ್ಲಿ ಕೋಯಿಕ್ಕೋಡಿನಲ್ಲಿ ಒಂದು ಕ್ಲಿನಿಕ್ಕಾಗಿ ಶುರುವಾದ ಉಪಶಾಮಕ (ನೋವು ತಗ್ಗಿಸುವ) ಆರೈಕೆಗೆ ನೆರೆಹೊರೆಯವರೇ ತರಬೇತಿ ಪಡೆದು ಕೈಜೋಡಿಸಿದರು. 2008ರಲ್ಲಿ ಸರ್ಕಾರ ಅದಕ್ಕೊಂದು ನೀತಿಯನ್ನೇ ತಂದಿತು. ನಮ್ಮ ಬೆಂಗಳೂರಿನ ಮಾರತ್‌ಹಳ್ಳಿಯಲ್ಲಿ ಕರುಣಾಶ್ರಯ ಮುಂದುವರಿದ ಹಂತದ ಕ್ಯಾನ್ಸರ್ ರೋಗಿಗಳನ್ನು ಹಣ ಪಡೆಯದೆ ನೋಡಿಕೊಳ್ಳುತ್ತಿದೆ. ಇಂಥ ಜಾಗಗಳು ನಮ್ಮ ಎಲ್ಲ ಜಿಲ್ಲೆಗಳಲ್ಲೂ ಇರಬೇಕಿತ್ತು, ಇಲ್ಲ.

ಇಂಥಲ್ಲಿ ಸ್ವಯಂಸೇವಕರಾಗಲು ವೈದ್ಯಕೀಯ ಗೊತ್ತಿರಬೇಕಿಲ್ಲ. ಮಾಡುವ ಕೆಲಸವನ್ನು ಅಲ್ಲೇ ಕಲಿಸುತ್ತಾರೆ. ಮನೆಯಲ್ಲಿ ಈಚೆಗಷ್ಟೇ ಸಾವಾಗಿದ್ದರೆ ಸ್ವಲ್ಪ ಕಾಲ ತಡೆಯಿರಿ. ಉಳಿದವರು ವಾರಕ್ಕೆ ಎರಡು ಗಂಟೆ ತೆಗೆದಿಡಿ, ಹತ್ತಿರದ ಕೇಂದ್ರವನ್ನು ವಿಚಾರಿಸಿ. ನಾನು ಹೋಗುವಲ್ಲಿ ಹಬ್ಬದ ದಿನ ಸ್ವಯಂಸೇವಕರು ತೀರಾ ಕಡಿಮೆ. ಈ ದೀಪಾವಳಿಗೆ ಒಂದು ಮಧ್ಯಾಹ್ನ ಬಿಡುವು ಮಾಡಿಕೊಂಡು ಬನ್ನಿ.